ಸೂಜಿ ಚುಚ್ಚಿದ್ರೆ ಹರಡುತ್ತಂತೆ!

ನಿನ್ನೆ ಹಾಸನದಲ್ಲಿ ಗೃಹಪ್ರವೇಶದ ಊಟ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಪಕ್ಕದ ಎಲೆಯ ಯಜಮಾನರು ಶುರು ಮಾಡಿದರು. ಅವರ ಬೀಗಿತ್ತಿಯ ಎದೆಯಲ್ಲಿ ಗಂಟು ಇದೆಯಂತೆ, ಕ್ಯಾನ್ಸರಾ ಅಂತ ನೋಡಲು ಸೂಜಿ ಚುಚ್ಚಿ ಚೂರು ತೆಗೆಯುವ ಬಯಾಪ್ಸಿಗೆ ಡಾಕ್ಟರು ಬರೆದಿದ್ದಾರಂತೆ. "ಬೇಡವೇ ಬೇಡ ಅಂದೆ. ಸುಮ್ನೆ ಮಲಗಿರೋದನ್ನ ಚುಚ್ಚಿ ಎಬ್ಬಿಸಿದ್ರೆ ಮೈಯೆಲ್ಲಾ ಹರಡುತ್ತೆ." ಸುತ್ತ ನಾಲ್ಕು ತಲೆ ಹೌದೌದು ಅಂತ ಆಡಿದವು.

ನನಗೆ ಹೋಳಿಗೆ ಗಂಟಲಲ್ಲೇ ನಿಂತಿತು. ಯಾಕೆ ಅಂತ ನಮ್ಮ ಮನೆ ಕಥೆ ಗೊತ್ತಿರುವವರಿಗೆ ಗೊತ್ತು.

ಸ್ವಾಮಿ, ಕ್ಯಾನ್ಸರ್ ಸೂಜಿಗೆ ಕಾದುಕೊಂಡು ಕೂತಿರುವುದಿಲ್ಲ. ಗಡ್ಡೆ ಬೆಳೆಯುತ್ತಾ ತನಗೆ ಬೇಕಾದ ರಕ್ತನಾಳವನ್ನು ತಾನೇ ಎಳೆದುಕೊಳ್ಳುತ್ತದೆ. ಕೆಲವು ಜೀವಕೋಶಗಳು ಅಕ್ಕಪಕ್ಕದ ಹಿಡಿತ ಬಿಟ್ಟು ರಕ್ತಕ್ಕೋ ದುಗ್ಧನಾಳಕ್ಕೋ (ಹಾಲಿನ ನಾಳ ಅಲ್ಲ, ಲಿಂಫ್ ಅನ್ನುವ ನೀರಿನಂಥ ದ್ರವ ಹರಿಯುವ ನಾಳ) ಇಳಿಯುತ್ತವೆ. (ಎದೆಯ ದುಗ್ಧನಾಳಗಳು ಹೆಚ್ಚಾಗಿ ಕಂಕುಳಿನ ಕಡೆಗೇ ಹೋಗುತ್ತವೆ. ಎದೆಯಲ್ಲಿ ಗಂಟು ಅಂದರೆ ಡಾಕ್ಟರು ಕಂಕುಳನ್ನೂ ಒತ್ತಿ ನೋಡುವುದು ಅದಕ್ಕೇ.) ಇಳಿದವುಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಸಾಯುತ್ತವೆ. 1970ರಲ್ಲಿ ಐಸಾಯಾ ಫಿಡ್ಲರ್ ಎಂಬ ವಿಜ್ಞಾನಿ ಇಲಿಗಳ ರಕ್ತಕ್ಕೆ ಕ್ಯಾನ್ಸರ್ ಕೋಶ ಬಿಟ್ಟು ಲೆಕ್ಕ ಹಾಕಿದ. ಬದುಕಿ ಹೊಸ ಗಡ್ಡೆ ಕಟ್ಟಿದ್ದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಸೂಜಿ ತಾಗಿದ ಮಾತ್ರಕ್ಕೆ ಮೈಯೆಲ್ಲಾ ಮೊಳೆಯಲು ಅದೇನು ಪಾರ್ಥೇನಿಯಮ್ಮಾ?

ಪಾರ್ಥೇನಿಯಂ ಅಂದೆನಲ್ಲ, ಈ ಬೀಜದ ಹೋಲಿಕೆ ಹಳೆಯದು. 1889ರಲ್ಲೇ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಸತ್ತ 735 ಜನರ ದಾಖಲೆ ಕೂತು ಓದಿದ. ರಕ್ತ ಎಲ್ಲಾ ಕಡೆ ಹೋದರೂ ಗಡ್ಡೆ ಲಿವರಿನಲ್ಲಿ ಜಾಸ್ತಿ, ಗುಲ್ಮದಲ್ಲಿ (ಹೊಟ್ಟೆಯ ಎಡಗಡೆಯ ಸ್ಪ್ಲೀನ್) ಅಪರೂಪ. ಬೀಜ ಎಲ್ಲೆಲ್ಲೋ ಬೀಳುತ್ತದೆ, ಹದವಾದ ಮಣ್ಣು ಸಿಕ್ಕಲ್ಲಿ ಮಾತ್ರ ಹುಟ್ಟುತ್ತದೆ ಅನ್ನುವುದು ಅವನ ವಾದ.

ಸೂಜಿಯ ಭಯ ಪೂರ್ತಿ ಸುಳ್ಳಾ? ಅಲ್ಲ. ಲಿವರ್ ಗಡ್ಡೆಯಲ್ಲಿ ಅಪರೂಪಕ್ಕೆ ಸೂಜಿಯ ದಾರಿಯಲ್ಲಿ ಕೋಶ ಉಳಿಯುವುದುಂಟು. ಮೂಳೆಯ ಗಡ್ಡೆಯಾದರೆ ಸೂಜಿ ಹೋದ ದಾರಿಯನ್ನೂ ಆಪರೇಷನ್ನಿನಲ್ಲಿ ಸೇರಿಸಿ ತೆಗೆಯುತ್ತಾರೆ. ಅಂದರೆ ಡಾಕ್ಟರಿಗೆ ಇದೆಲ್ಲಾ ಗೊತ್ತು. ಹೋಳಿಗೆ ಎಲೆಯ ಮುಂದೆ ಕೂತವರಿಂದ ಅವರು ಕಲಿಯಬೇಕಿಲ್ಲ.

"ಆಪರೇಷನ್ ಆದ್ಮೇಲೇ ಅಲ್ವಾ ಹರಡಿದ್ದು" ಅಂತಲೂ ಅಂದರು. ಹರಡಿದ್ದು ಮೊದಲೇ, ಕಂಡಿದ್ದು ಆಗ, ಯಜಮಾನರೇ.

ಇಷ್ಟೆಲ್ಲಾ ಬೈಯುವ ನಾನೇನು ಸಾಚಾ ಅಲ್ಲ. ನಮ್ಮ ದೊಡ್ಡಮ್ಮ ಇದೇ ಮಾತು ನಂಬಿ ಎದೆಯ ಗಂಟಿಗೆ ಎಂಟು ತಿಂಗಳು ಲೇಪ ಹಚ್ಚಿಕೊಂಡು ಕೂತಿದ್ದರು. ಬೆನ್ನು ನೋವು ಅಂದಾಗ "ವಯಸ್ಸಾಯ್ತಲ್ಲ" ಅಂತ ನೋವಿನ ಮುಲಾಮು ತಂದುಕೊಟ್ಟವನು ನಾನೇ. ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ತುಂಬಾ ಚುಕ್ಕೆ. ಮೂಳೆಗೆ ಬಂದರೂ ಇದು ಎದೆಯ ಕ್ಯಾನ್ಸರೇ, ಔಷಧಿಯೂ ಅದರದ್ದೇ ಅಂತ ಡಾಕ್ಟರು ತಾಳ್ಮೆಯಿಂದ ಹೇಳಿದರು. ದೊಡ್ಡಮ್ಮ ನನ್ನ ಕಡೆ ತಿರುಗಿ, "ಸೂಜಿ ಚುಚ್ಚಿಸ್ಕೊಳ್ಳಲೇ ಇಲ್ವಲ್ಲೋ, ಮತ್ತೆ ಹೆಂಗೋ ಹೋಯ್ತು ಅಲ್ಲಿಗೆ?" ಅಂದರು.

ನಿನ್ನೆ ಕೈ ತೊಳೆಯುವ ಜಾಗದಲ್ಲಿ ಯಜಮಾನರನ್ನು ನಿಲ್ಲಿಸಿ ಇದಿಷ್ಟೂ ಹೇಳಿದೆ. "ನೀವು ಡಾಕ್ಟ್ರಾ?" ಅಂದರು. ಅಲ್ಲ, ಬ್ಯಾಂಕಿನಲ್ಲಿ ಕೆಲಸ ಅಂದೆ. "ಹಂಗಾದ್ರೆ ಬಿಡಿ" ಅಂದು ಬೀಡಾ ಬಾಯಿಗೆ ಹಾಕಿಕೊಂಡರು. ಅವರೇನು ಮಾಡುವುದು ಅಂತ ಆಮೇಲೆ ವಿಚಾರಿಸಿದೆ. ಆಲೂಗಡ್ಡೆ ವ್ಯಾಪಾರವಂತೆ.