ಬಲಗಡೆಯ ಕಿಟಕಿ

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯಲು ಹೊರಗಿನಿಂದ ಎಸೆದ ಒಂದು ಟವೆಲ್ಲು ಸಾಕು. ವಿಮಾನದಲ್ಲಾದರೋ ಅದಕ್ಕೆ ನಕಾಶೆ, ಸೂರ್ಯನ ಚಲನೆ, ರೆಕ್ಕೆ ಇರುವ ಜಾಗ ಇವೆಲ್ಲವನ್ನೂ ಅರಿತಿರಬೇಕಾಗುತ್ತದೆ. ಇಷ್ಟು ಅರಿತ ಮೇಲೂ ಆ ಸೀಟಿಗೆ ಪ್ರತ್ಯೇಕವಾಗಿ ಹಣ ಕೇಳುವುದುಂಟು. ಚೆನ್ನಾಗಿ ಆರಿಸಿಕೊಂಡ ಸೀಟಿಗಾದರೆ ಆ ಹಣ ದಂಡವಲ್ಲವೆಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ದಾರಿಯನ್ನೇ ತೆಗೆದುಕೊಳ್ಳೋಣ. ವಿಮಾನ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಸಾಗುವುದರಿಂದ ಬಲಗಡೆಯ ಕಿಟಕಿಗಳೆಲ್ಲ ಉತ್ತರಕ್ಕೆ ತೆರೆದುಕೊಳ್ಳುತ್ತವೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯೂ ಅದರ ಮುಂದಿನ ಕುದುರೆಮುಖವೂ ಇರುವುದು ಆ ಕಡೆಗೇ. ಎಡಗಡೆಯವರಿಗೆ ಹೇಮಾವತಿಯ ಹಿನ್ನೀರು, ಪುಷ್ಪಗಿರಿಯ ಸಾಲು ಇಲ್ಲವೆಂದಲ್ಲ. ಆದರೆ ವರ್ಷದ ಹೆಚ್ಚಿನ ತಿಂಗಳು ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅವರು ನೋಡುವುದಕ್ಕಿಂತ ಕಣ್ಣು ಕಿರಿದು ಮಾಡುವುದೇ ಹೆಚ್ಚು. ಸೂರ್ಯ ಉತ್ತರಕ್ಕೆ ಸರಿಯುವ ಜೂನ್, ಜುಲೈ ತಿಂಗಳುಗಳಲ್ಲಿ ಘಟ್ಟದ ಮೇಲೆ ಮೋಡದ ಹೊರತು ಬೇರೇನೂ ಕಾಣಿಸದು. ಹಾಗೆಂದು ಮೋಡವನ್ನು ಕಡೆಗಣಿಸಬೇಕಾಗಿಲ್ಲ. ಬಿಸಿಲು ನಮ್ಮ ಬೆನ್ನ ಹಿಂದಿದ್ದರೆ, ಕೆಳಗಿನ ಮೋಡದ ಮೇಲೆ ವಿಮಾನದ ನೆರಳು ಬಿದ್ದು ಅದರ ಸುತ್ತ ಬಣ್ಣಬಣ್ಣದ ಉಂಗುರಗಳು ಮೂಡುವುದುಂಟು. ಸೂರ್ಯ ಕಾಣುವ ಕಡೆ ಕುಳಿತವರಿಗೆ ಈ ಭಾಗ್ಯವಿಲ್ಲ.

ಕಡೆ ಗೊತ್ತಾದ ಮೇಲೆ ಸಾಲಿನ ಪ್ರಶ್ನೆ ಬರುತ್ತದೆ. ಈ ಮಾರ್ಗದಲ್ಲಿ ಹಾರುವ ಎಟಿಆರ್ 72 ವಿಮಾನವನ್ನು ಚಿಕ್ಕದೆಂದು ಮೂಗು ಮುರಿಯುವವರಿದ್ದಾರೆ, ಆದರೆ ದೃಶ್ಯಪ್ರಿಯರಿಗೆ ಇದಕ್ಕಿಂತ ಒಳ್ಳೆಯ ವಾಹನವಿಲ್ಲ. ಇದರ ರೆಕ್ಕೆ ಕಿಟಕಿಗಳಿಗಿಂತ ಮೇಲಿರುವುದರಿಂದ ಕೆಳಗಿನ ನೆಲಕ್ಕೆ ಯಾವ ಮರೆಯೂ ಇಲ್ಲ. ಜೆಟ್ ವಿಮಾನಕ್ಕಿಂತ ತಗ್ಗಿನಲ್ಲಿ ಹಾರುವುದರಿಂದ ಕೆರೆ, ತೋಟ, ರಸ್ತೆಯ ತಿರುವುಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಎಂಜಿನ್ನಿನ ಪಕ್ಕದ ಸಾಲುಗಳನ್ನು ಬಿಟ್ಟು ಹಿಂದಕ್ಕೆ ಹೋದರಾಯಿತು. ಏರ್‌ಬಸ್ 320ರಲ್ಲಿ ರೆಕ್ಕೆ ಕೆಳಗಿರುವುದರಿಂದ ನಡುವಿನ ಸಾಲುಗಳಲ್ಲಿ ಕುಳಿತವರು ಬಹುಪಾಲು ರೆಕ್ಕೆಯ ಬೆನ್ನನ್ನೇ ನೋಡಬೇಕಾಗುತ್ತದೆ. ಅದರ ಹಿಂದಿನವರಿಗೆ ಎಂಜಿನ್ನಿನ ಬಿಸಿಗಾಳಿಯಲ್ಲಿ ದೂರದ ಬೆಟ್ಟಗಳು ನಡುಗಿದಂತೆ ಕಾಣುತ್ತವೆ. ಅಲ್ಲಿ ಮುಂದಿನ ಸಾಲುಗಳೇ ವಾಸಿ. ಇನ್ನು ಕೆಲವು ಬೋಯಿಂಗ್ 737 ವಿಮಾನಗಳಲ್ಲಿ ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಹಾದುಹೋಗುವೆಡೆ ಕಿಟಕಿಯನ್ನೇ ಇಟ್ಟಿಲ್ಲ. ಆ ಸಾಲಿನಲ್ಲಿ ಕಿಟಕಿ ಸೀಟು ಪಡೆದವರು ಗೋಡೆಯನ್ನೇ ನೋಡುತ್ತ ಊರು ತಲುಪುತ್ತಾರೆ.

ದೆಹಲಿಯಿಂದ ಗುವಾಹಟಿಗೆ ಹೋಗುವಾಗ ಮಾತ್ರ ಎಡಗಡೆಯೇ ಆಗಬೇಕು. ಹತ್ತು ಕಿಲೋಮೀಟರ್ ಎತ್ತರದಲ್ಲಿ ದಿಗಂತ ಸುಮಾರು 350 ಕಿಲೋಮೀಟರ್ ಆಚೆಗೆ ಸರಿಯುವುದರಿಂದ, ಮಳೆಗಾಲ ಕಳೆದ ತಿಳಿಯಾದ ದಿನಗಳಲ್ಲಿ ಹಿಮಾಲಯದ ಸಾಲು ಉತ್ತರದುದ್ದಕ್ಕೂ ಜೊತೆಯಲ್ಲೇ ಬರುತ್ತದೆ. ಎಲ್ಲರೂ ಎವರೆಸ್ಟನ್ನು ಹುಡುಕುತ್ತಾರೆ. ನನಗಾದರೋ ಅಗಲವಾಗಿ ಹರಡಿ ನಿಂತ ಕಾಂಚನಜುಂಗಾವೇ ಹೆಚ್ಚು ಸೊಗಸು, ಗುರುತಿಸುವುದಕ್ಕೂ ಸುಲಭ. ಮರಳುವಾಗ ಸಹಜವಾಗಿಯೇ ಬಲಗಡೆ ಕೂರಬೇಕು.

ಇಷ್ಟೆಲ್ಲ ಲೆಕ್ಕ ಹಾಕಿದರೂ ಕೊನೆಯ ಮಾತು ಗಾಳಿಯದು. ದೇವನಹಳ್ಳಿಯ ರನ್‌ವೇಗಳು ಪೂರ್ವ ಪಶ್ಚಿಮವಾಗಿ ಚಾಚಿದ್ದು, ನಂದಿಬೆಟ್ಟ ಅವುಗಳ ಉತ್ತರಕ್ಕಿದೆ. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಏರುವ ವಿಮಾನ ಪಶ್ಚಿಮಕ್ಕೆ ಏರಿದರೆ ಅದು ಬಲಗಡೆಯವರ ಪಾಲು, ಪೂರ್ವಕ್ಕೆ ಏರಿದರೆ ಎಡಗಡೆಯವರ ಪಾಲು. ಏರುವ ಇಳಿಯುವ ಹೊತ್ತಿನಲ್ಲಿ ಕಿಟಕಿಯ ಮುಚ್ಚಳ ತೆರೆದಿಡಬೇಕೆಂದು ಗಗನಸಖಿಯರು ಸೂಚಿಸುವುದು ಸುರಕ್ಷತೆಗಾಗಿಯೇ ಇರಬಹುದು, ಆದರೆ ಕಿಟಕಿ ಸೀಟು ಹಿಡಿದು ಕೂತೊಡನೆ ಮುಚ್ಚಳ ಎಳೆದು ನಿದ್ದೆಗಿಳಿಯುವ ಮಹನೀಯರಿಗೂ ಇದರಿಂದ ನಂದಿಬೆಟ್ಟದ ದರ್ಶನ ಕಡ್ಡಾಯವಾಗಿ ಆಗುತ್ತದೆ, ಅವರು ಸರಿಯಾದ ಕಡೆ ಕುಳಿತಿದ್ದರೆ.