ಬರಿಗೈಯ ಮ್ಯಾಕ್‌ಫೀ, ನಮ್ಮೂರ ಬಾಲು

ಮಗನ ಹೊಸ ಬೇಸ್‌ಬಾಲ್ ಗ್ಲೌಸ್ ಇನ್ನೂ ಮೆತ್ತಗಾಗಿರಲಿಲ್ಲ. ಚೆಂಡು ಬಿದ್ದಾಗಲೆಲ್ಲ ಕೈ ಉರಿಯುತ್ತದೆ ಅಂತ ಗೊಣಗುತ್ತಿದ್ದ. ಬೇಲಿಯಾಚೆ ಪಕ್ಕದ ಮನೆಯ ಅಜ್ಜನಿಗೆ ಕೇಳಿಸಿತು. ಇಲ್ಲೇ, ಅಮೆರಿಕದ ಒಹಾಯೋ ರಾಜ್ಯದ ಸಿನ್ಸಿನ್ನಾಟಿಯಲ್ಲೇ ಹುಟ್ಟಿ ಬೆಳೆದವರು. "ಬಿಡ್ ಮ್ಯಾಕ್‌ಫೀಗೆ ಗ್ಲೌಸೇ ಇರಲಿಲ್ಲ, ಮಗೂ" ಅಂದರು.

ಮೊದಲು ಲೆಕ್ಕ ಬರೆಯುವ ಗುಮಾಸ್ತರಾಗಿದ್ದ ಮ್ಯಾಕ್‌ಫೀ, 1882ರಿಂದ 1899ರವರೆಗೆ 18 ಸೀಸನ್ ಈ ಊರಿಗಾಗಿಯೇ ಸೆಕೆಂಡ್ ಬೇಸ್ ಅನ್ನುವ ಫೀಲ್ಡಿಂಗ್ ಜಾಗದಲ್ಲಿ ಆಡಿದರು. ಉಳಿದವರೆಲ್ಲ ಗ್ಲೌಸ್ ತೊಟ್ಟರೂ ಇವರು 1896ರವರೆಗೆ ತೊಡಲಿಲ್ಲ. ಉಪ್ಪುನೀರಲ್ಲಿ ಕೈ ನೆನೆಸಿ ಚರ್ಮ ಗಟ್ಟಿ ಮಾಡಿಕೊಳ್ಳುತ್ತಿದ್ದರಂತೆ. 1886ರಲ್ಲಿ ಆ ಬರಿಗೈಲೇ 529 ಪುಟ್‌ಔಟ್, ಅಂದರೆ ಅಷ್ಟು ಸಲ ಎದುರಾಳಿಯನ್ನು ತಾವೇ ಔಟ್ ಮಾಡಿದ್ದು! ಆ ಜಾಗದಲ್ಲಿ ಆಡಿದ ಯಾರೂ ಒಂದು ಸೀಸನ್‌ನಲ್ಲಿ ಇವತ್ತಿಗೂ ಅದನ್ನು ದಾಟಿಲ್ಲ. ಹೇಳುತ್ತ ಹೇಳುತ್ತ ಅಜ್ಜ ಎರಡೂ ಕೈ ಬೊಗಸೆ ಮಾಡಿ ಎದೆಗೆ ಒತ್ತಿಕೊಂಡರು, ಚೆಂಡು ಈಗಷ್ಟೇ ಬಂದು ಬಿದ್ದ ಹಾಗೆ. ಹುಟ್ಟಿದ ದಿನವೂ ಬಾಯಲ್ಲೇ ಇತ್ತು: 1859ರ ನವೆಂಬರ್ 1. ನಮ್ಮ ರಾಜ್ಯೋತ್ಸವದ ದಿನ!

ಆಮೇಲೆ ಕೇಳಿದರು: "ನಿಮ್ಮೂರಿನ ಹಳೇ ಆಟಗಾರರು ಯಾರು?"

ನಮ್ಮೂರು ಧಾರವಾಡ. ಪಕ್ಕದ ಗದಗಿನ ಕ್ರಿಕೆಟಿಗ ಸುನೀಲ ಜೋಶಿ ಹೆಸರು ಹೇಳಿದೆ. "ಅದಕ್ಕೂ ಹಿಂದೆ?" ಅಂದರು. ನನ್ನ ಬಾಯಿ ಕಟ್ಟಿತು.

ರಾತ್ರಿ ಕೂತು ಹುಡುಕಿದಾಗ ಸಿಕ್ಕರು ಪಲ್ವಂಕರ್ ಬಾಲು. ಹುಟ್ಟಿದ್ದು ಧಾರವಾಡದಲ್ಲೇ. ಪುಣೆಯ ಕ್ಲಬ್ಬುಗಳಲ್ಲಿ ಪಿಚ್ ನೋಡಿಕೊಳ್ಳುತ್ತ, ಬಿಳಿಯರಿಗೆ ನೆಟ್ಸ್‌ನಲ್ಲಿ ಬೌಲ್ ಮಾಡುತ್ತ ಪಳಗಿದ ದಲಿತ ಹುಡುಗ. ಜೊತೆಗೆ ಆಡುವವರೇ ಇವರಿಗೆ ಚಹಾ ಹೊರಗಡೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಕೊಡಿಸುತ್ತಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಎಡಗೈ ಸ್ಪಿನ್ನಿನಿಂದ 114 ವಿಕೆಟ್ ಕಿತ್ತರು.

ಇಪ್ಪತ್ತೆರಡು ವರ್ಷ ಧಾರವಾಡದಲ್ಲಿದ್ದೆ. ಒಬ್ಬ ಮಾಸ್ತರರೂ, ಒಬ್ಬ ಕಾಕಾನೂ ನನಗೆ ಈ ಹೆಸರು ಹೇಳಲಿಲ್ಲ. ಪೇಡೆ ಅಂದರೆ ಎದೆ ಉಬ್ಬಿಸುತ್ತೇವೆ, ಹಿಂದೂಸ್ತಾನಿ ಸಂಗೀತ ಅಂದರೂ ಅಷ್ಟೇ. ಬಾಲು ಯಾಕೆ ನಮ್ಮ ಬಾಯಿಗೆ ಬರಲಿಲ್ಲ? ಅವರ ಜಾತಿಯೂ ಒಂದು ಕಾರಣ ಅಂತಲೇ ನನಗನಿಸುತ್ತದೆ, ಹೇಳೋಕೆ ಸಂಕಟವಾದರೂ.

ಇಲ್ಲಿಯವರೂ ತಡ ಮಾಡಿದ್ದಾರೆ, ಒಪ್ಪುತ್ತೇನೆ. 1943ರಲ್ಲಿ ತೀರಿಕೊಂಡ ಮ್ಯಾಕ್‌ಫೀ ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ ಹಾಲ್ ಆಫ್ ಫೇಮ್ ಸೇರಿದ್ದು 2000ದಲ್ಲಿ. ಇದೇ ಒಹಾಯೋದ ಟೊಲೆಡೋ ತಂಡಕ್ಕೆ 1884ರಲ್ಲಿ ಆಡಿದ ಕಪ್ಪು ಆಟಗಾರ ಮೋಸೆಸ್ ಫ್ಲೀಟ್‌ವುಡ್ ವಾಕರ್ ಅವರಂಥವರಿಗೆ ಆಮೇಲೆ ದೊಡ್ಡ ಲೀಗ್‌ಗಳ ಬಾಗಿಲು ಮುಚ್ಚಿ, 1947ರವರೆಗೂ ತೆರೆಯಲಿಲ್ಲ.

ಇದನ್ನೂ ನನಗೆ ಹೇಳಿದ್ದು ಅದೇ ಅಜ್ಜ, ಬೇಲಿ ಹಿಡಿದುಕೊಂಡು, ದನಿ ತಗ್ಗಿಸಿ.