ಅಜ್ಜಿಗೆ ಹೇಳಿ, ಟಚ್ ಮಾಡ್ಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕ ಬರ್ಯಾಕತ್ತೀನಿ. ಉದ್ದ ಆಗ್ತೈತಿ. ಓದೋರು ಓದ್ರಿ, ಉಳಿದೋರು ಲೈಕ್ ಒತ್ತಿ ಮುಂದ ಹೋಗ್ರಿ, ಹೆಂಗೂ ಅದನ್ನ ಮಾಡ್ತೀರಿ.

ನಮ್ಮ ದೊಡ್ಡವ್ವ ನಿಮಗೆಲ್ಲಾ ಗೊತ್ತು. ಶೇಂಗಾ ಹೋಳಿಗಿ ಫೋಟೋ ಹಾಕಿದಾಗ 'ನಮಗೂ ಪಾರ್ಸಲ್ ಕಳಿಸ್ರಿ' ಅಂತ ಕಮೆಂಟ್ ಹಾಕಿದ್ರೆಲ್ಲ, ಅಕಿನ. ತವರುಮನಿ ಬೆಟಗೇರಿ. ಮನ್ಯಾಗ ಕುಣಿ ಮಗ್ಗ ಇತ್ತು, ಸಣ್ಣಾಕಿದ್ದಾಗ ಸಾಲಿಗೆ ಹೋಗೂಕಿಂತ ನೂಲಿನ ಕಂಡಿಕಿ ಸುತ್ತಿದ್ದ ಜಾಸ್ತಿ ಅಂತ ಅಕಿನ ಹೇಳ್ತಾಳ. ಮದುವಿ ಆಗಿ ಧಾರವಾಡಕ್ಕ ಬಂದಾಗಿಂದ ಇವತ್ತಿನ ತನಕ ಇಳಕಲ್ ಸೀರಿ ಬಿಟ್ಟು ಬ್ಯಾರೆ ಉಟ್ಟಿದ್ದು ನಾ ನೋಡಿಲ್ಲ. ನೈಟಿ ಅಂದ್ರ ಅಕಿಗೆ ಅಸಹ್ಯ, 'ಅಂಗಿ ಉದ್ದ ಆಗೈತಿ, ಲಂಗ ಮರ್ತೀರೇನು' ಅಂತ ನನ್ನ ಕೇಳ್ತಾಳ.

ಮೊನ್ನೆ ಐತವಾರ ಹುಬ್ಬಳ್ಳ್ಯಾಗ ಒಂದು ದೊಡ್ಡ ಹೋಟೆಲ್ಲಿನ ಹಾಲ್‌ನಾಗ ಕೈಮಗ್ಗದ ಸೀರಿ ಎಕ್ಸಿಬಿಷನ್ ಇತ್ತು. ಹೋಟೆಲ್ ಯಾವುದು, ಅಂಗಡಿ ಯಾರದು ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ. ಇಳಕಲ್ ಸೀರಿ, ಗುಳೇದಗುಡ್ಡದ ಖಣ ಬರ್ತಾವ ಅಂತ ವಾಟ್ಸಾಪ್‌ನಾಗ ಬಂದಿತ್ತು, ದೊಡ್ಡವ್ವ 'ನಾನೂ ಬರ್ತೇನಿ ತಡೀವಾ, ಜರಾ ಎಲಿ ಹಾಕ್ಕೊಂಡು' ಅಂತ ಎದ್ಲು. ಚಿಗರಿ ಬಸ್ಸಿಗೆ ಹೋದ್ವಿ.

ಬಾಗಲದಾಗ ಸೆಕ್ಯೂರಿಟಿ ಹುಡುಗ. ನನ್ನ ಬ್ಯಾಗ್ ನೋಡಲಿಲ್ಲ, ನನ್ನ ಮುಂದಿದ್ದ ಕೂಲಿಂಗ್ ಗ್ಲಾಸ್ ಮೇಡಮ್ಮಂದೂ ನೋಡಲಿಲ್ಲ. ದೊಡ್ಡವ್ವನ ಕೈಯಾಗಿದ್ದ ಜವಳಿ ಅಂಗಡಿ ಚೀಲ ಮಾತ್ರ ತಗಿಸಿ ನೋಡಿದ. ನೀರಿನ ಬಾಟ್ಲಿ, ಚಷ್ಮಾದ ಡಬ್ಬಿ, ಎಲಿ ಅಡಿಕಿ ಸಂಚಿ. ಸಂಚಿ ಬಿಚ್ಚಿ ಸುಣ್ಣದ ಡಬ್ಬಿ ಸೈತ ತಗದು ನೋಡಿದ್ನಪಾ. ನಾ ಏನೂ ಅನ್ನಲಿಲ್ಲ, ಪಾಪ ಅವನ ಡ್ಯೂಟಿ ಅಂದ್ಕೊಂಡೆ. (ಈಗ ಅನ್ಸಾಕತ್ತೈತಿ, ಅಲ್ಲೇ ಏನಾರ ಅನ್ನಬೇಕಿತ್ತು.)

ಒಳಗ ಏಸಿ, ಸಣ್ಣಗ ಸಿತಾರ. ಒಂದು ಸ್ಟಾಲ್‌ನಾಗ ಇಳಕಲ್ ಸೀರಿ ಹ್ಯಾಂಗರಿಗೆ ತೂಗು ಹಾಕಿದ್ರು, ಸೆರಗು ಮುಂದ ಮಾಡಿ, ಕೆಂಪಗ, ಬೆಳ್ಳನ ತೆನಿ. ದೊಡ್ಡವ್ವ ನೆಟ್ಟಗ ಅಲ್ಲಿಗೇ ಹೋಗಿ ಒಂದು ಸೀರಿ ಸೆರಗು ಹಿಡದು ಹಿಂದ ಮುಂದ ತಿರುವಿ ನೋಡಾಕತ್ಲು. ಸ್ಟಾಲಿನ ಹುಡುಗಿ ಬಂದ್ಲು. ಭಾಳಂದ್ರ ಇಪ್ಪತ್ನಾಲ್ಕು ವಯಸ್ಸು, ಖಣದ ಜಾಕೀಟ, ಮೂಗಿನ್ಯಾಗ ದೊಡ್ಡ ನತ್ತು. ದೊಡ್ಡವ್ವನ ಕೈ ನೋಡಿದ್ಲು. ಮುಂಜಾನೆ ಉಪ್ಪಿನಕಾಯಿ ಹಾಕಿದ್ಲರಿ ದೊಡ್ಡವ್ವ, ಉಗುರು ಅರಿಷಿಣ ಆಗಿದ್ವು. ಎರಡು ಸಲ ತಿಕ್ಕಿ ತೊಳದ್ರೂ ಹೋಗಿರಲಿಲ್ಲ. ಆ ಹುಡುಗಿ ಆ ಉಗುರು ನೋಡಿ, ಆಮ್ಯಾಲೆ ನನ್ನ ಕಡೆ ತಿರುಗಿ, ನನ್ನ ಕಡೆ ತಿರುಗಿ ಅನ್ನೂದನ್ನ ಗಮನಿಸ್ರಿ, ನಕ್ಕೋಂತ ಹೇಳಿದ್ಲು: 'ಮ್ಯಾಮ್, ಅಜ್ಜಿಗೆ ಹೇಳಿ, ಟಚ್ ಮಾಡ್ಬೇಡಿ ಅಂತ. ಸ್ಟೇನ್ ಆಗುತ್ತೆ. ಹ್ಯಾಂಡ್‌ಲೂಮ್ ಪೀಸ್ ಇದು.'

ಇಳಕಲ್ ಸೀರಿ ಉಟ್ಟಾಕಿಗೆ ಇಳಕಲ್ ಸೀರಿ ಮುಟ್ಟಬ್ಯಾಡ ಅಂತ.

ಅದೂ ಅಕಿಗೆ ಹೇಳಲಿಲ್ಲ, ನನಗ ಹೇಳಿದ್ಲು. ದೊಡ್ಡವ್ವಗ ಕಿವಿ ಛಲೋ ಕೇಳಸ್ತಾವ. ಕನ್ನಡ ಬರ್ತೈತಿ. ಎರಡು ಅಡಿ ದೂರದಾಗ ನಿಂತಿದ್ಲು. 'ಅವ್ವಾರ, ಜರಾ ಕೈ ಒರಸ್ಕೊಂಡು ನೋಡ್ರಿ' ಅಂದಿದ್ರ ಅಕಿನ ನಕ್ಕು ಸೆರಗಿಗೆ ಕೈ ಒರಸ್ಕೋತಿದ್ಲು, ಕತಿ ಅಲ್ಲಿಗೆ ಮುಗೀತಿತ್ತು. ಮುಟ್ಟಬ್ಯಾಡ ಅಂದದ್ದಕ್ಕ ಅಷ್ಟು ಸಿಟ್ಟಿಲ್ಲ ನನಗ. ಇನ್ನೊಬ್ಬರ ಕೈಲೆ ಹೇಳಿಸಿದ್ಲಲ್ಲ, ನಾಯಿ ಕರ್ಕೊಂಡು ಬಂದೋರಿಗೆ 'ಜರಾ ಹಿಡ್ಕೋರಿ' ಅಂತಾರಲ್ಲ ಹಂಗ, ಅದು.

ಇದು ಇದೊಂದೇ ಜಾಗಾದಾಗ ಅಲ್ಲ. ಹೋದ ವರ್ಷ ದೊಡ್ಡವ್ವನ ಮಂಡಿ ನೋವಿಗೆ ಒಬ್ಬ ಡಾಕ್ಟರ ಕಡೆ ಹೋದ್ರ ಅಂವ ಹಿಂಗ, ನೋವು ಅಕಿಗೆ, ಪ್ರಶ್ನಿ ನನಗ. 'ಇವರಿಗೆ ಎಷ್ಟು ದಿನದಿಂದ ಐತಿ? ಮೆಟ್ಲ ಹತ್ತತಾರ?' ನನಗೇನ್ ಗೊತ್ತರಿ, ಮಂಡಿ ನಂದಲ್ಲ. ದೊಡ್ಡವ್ವ ಬಾಯಿ ತಗದ್ರ ಅಂವ ಕಂಪ್ಯೂಟರ್ ನೋಡ್ತಿದ್ದ. ಬ್ಯಾಂಕಿನ್ಯಾಗೂ ಅಷ್ಟ, ಪಾಸ್‌ಬುಕ್ ಅಕಿದು, ಸಹಿ ಅಕಿದು, ಮಾತು ನನ್ನ ಜೋಡಿ.

ಮನಿಗೆ ಬಂದು ಮಗಳ ಮುಂದ ಹೇಳಿಕೊಂಡೆ. ಅಕಿ ಫೋನ್‌ನಿಂದ ತಲಿ ಎತ್ತಲಿಲ್ಲ, 'ಮಮ್ಮಿ, ಅದು ಪಾಶ್ ಎಕ್ಸಿಬಿಷನ್, ಅಲ್ಲಿ ಹಂಗ ಇರ್ತೈತಿ' ಅಂದ್ಲು. ಹೌದು, ಮಮ್ಮಿ. ನಮ್ಮ ಮನ್ಯಾಗ 'ಅವ್ವ' ಅನ್ನೂದು ನನ್ನ ತಲಿಗೇ ಮುಗೀತು. ಅಕಿ ಮಾತು ಕಲಿಯೂ ಮುಂದ ನಾನ ಕುಂತು ತಿದ್ದೀನಿ, ಮಮ್ಮಿ ಅನ್ನು ಪುಟ್ಟಿ ಅಂತ. ಆ ವಿಷಯ ಇನ್ನೊಂದು ದಿನ.

ಪಾಶ್ ಅಂದ್ರ ಏನು ಅಂತ ರಾತ್ರಿ ಆ ಶಬ್ದದ ಬೆನ್ನು ಹತ್ತಿದೆ, ನಿದ್ದಿ ಅಂತೂ ಇರಲಿಲ್ಲ. ಒಂದು ಹಡಗಿನ ಕತಿ ಎಲ್ಲಾರೂ ಹೇಳ್ತಾರ, ನಮ್ಮ ಕಾಲೇಜಿನ್ಯಾಗೂ ಇಂಗ್ಲೀಷ್ ಸರ್ ಹೇಳಿದ್ರು: ಇಂಗ್ಲೆಂಡಿನಿಂದ ಇಂಡಿಯಾಕ್ಕ ಬರೂಮುಂದ ಹಡಗಿನ ಎಡಗಡೆ ರೂಮು, ತಿರುಗಿ ಹೋಗೂಮುಂದ ಬಲಗಡೆ ರೂಮು, ಬಿಸಿಲು ತಾಗಬಾರ್ದು ಅಂತ ಸಾಹೇಬ್ರು ರೊಕ್ಕ ಕೊಟ್ಟು ತಗೋತಿದ್ರು, ಆ ಇಂಗ್ಲೀಷ್ ಶಬ್ದಗಳ (ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್) ಮೊದಲ ಅಕ್ಷರ ಕೂಡಿಸಿದ್ರ ಪಾಶ್ ಅಂತ. ಕೇಳಾಕ ಭಾರಿ ಐತಿ, ಆದ್ರ ಸುಳ್ಳಂತ. ಅಂಥಾ ಟಿಕೀಟು ಇತ್ತು ಅನ್ನಾಕ ಒಂದು ಪುರಾವೆ ಇಲ್ಲ. ಈಗಿನ ಅರ್ಥದಾಗ ಈ ಶಬ್ದ ಅಚ್ಚಾಗಿದ್ದು 1914ರ ಸುಮಾರಿಗೆ. ಅದಕ್ಕೂ ಭಾಳ ಮೊದಲ ಲಂಡನ್ನಿನ ಕಳ್ಳಕಾಕರ ಬಾಯಾಗ ಪಾಶ್ ಅಂದ್ರ ಅರ್ಧ ಪೆನ್ನಿ, ಚಿಲ್ರೆ ರೊಕ್ಕ! ಅದೂ ರೋಮಾ ಮಂದಿಯ ಮಾತಿನಿಂದ ಬಂದದ್ದು, ಅವರ ಭಾಷಾದಾಗ ಹಂಗಂದ್ರ ಅರ್ಧ. ಊರೂರು ಅಲೆದು, ಊರ ಹೊರಗ ಟೆಂಟು ಹಾಕ್ಕೊಂಡು ಬದುಕಿದ ಮಂದಿ, ಅವರ ಭಾಷಾದ ಬೇರು ನಮ್ಮ ದೇಶದಾಗ. ಈಗಿನ ಪಾಶ್ ಅಲ್ಲಿಂದನ ಬಂದೈತಿ ಅಂತ ಖಾತ್ರಿ ಹೇಳಾಕ ಬರಂಗಿಲ್ಲ, ಬರೇ ಒಂದು ಊಹೆ. ಆದ್ರ ನನಗ ಆ ಊಹೆ ಭಾಳ ಸೇರಿತು. ಪಾಶ್ ಏರಿಯಾ ಅಂದ್ರ ಚಿಲ್ರೆ ಏರಿಯಾ. ಇನ್ನ ಮ್ಯಾಲೆ ನಾ ಹಂಗ ಅನ್ನಾಕಿ.

ಅದ ಇಂಗ್ಲೆಂಡಿನ್ಯಾಗ 1954ರಾಗ ಅಲನ್ ರಾಸ್ ಅನ್ನೋ ಭಾಷಾ ಪ್ರೊಫೆಸರ್ ಒಂದು ಲೇಖನ ಬರದಿದ್ರು, ಖರೇ ದೊಡ್ಡ ಮನಿತನದೋರು ಯಾವ ಶಬ್ದ ಬಳಸ್ತಾರ, ದೊಡ್ಡೋರಂಗ ಕಾಣಬೇಕು ಅನ್ನೋರು ಯಾವುದು ಬಳಸ್ತಾರ ಅಂತ. ಊಟದಾಗ ಬಾಯಿ ಒರಸೂ ಅರಬಿಗೆ ದೊಡ್ಡೋರು ಸೀದಾ ನ್ಯಾಪ್ಕಿನ್ ಅಂತಿದ್ರಂತ, ಏರಬೇಕು ಅನ್ನೋರು ಫ್ರೆಂಚ್ ವಾಸನಿ ಇರೋ 'ಸರ್ವಿಯೆಟ್' ಅಂತಿದ್ರಂತ. ಓದಿ ನಗು ತಡೀಲಿಲ್ಲ. ಮೊಸರನ್ನಕ್ಕ ಕರ್ಡ್ ರೈಸ್ ಅನ್ನೋರು ನಮ್ಮ ಅಪಾರ್ಟ್‌ಮೆಂಟಿನ್ಯಾಗ ಎಷ್ಟು ಮಂದಿ ಇಲ್ಲ!

ಬೇಕಂದ್ರ ಹುಬ್ಬಳ್ಳಿ ದಾಜಿಬಾನ ಪೇಟಿ ಹಳೇ ಜವಳಿ ಅಂಗಡಿ ನೆನಸ್ಕೋರಿ. ಬಿಳೇ ಗಾದಿ, ಮ್ಯಾಲೆ ಸಾಹುಕಾರ, ಮುದುಡಿದ ಧೋತರ, ಕಿಸೆದಾಗ ನಾಲ್ಕು ಪೆನ್ನು, ಬ್ಯಾಂಕಿನ್ಯಾಗ ಎಷ್ಟೈತಿ ಅಂತ ಅವನ ಹೆಂಡ್ತಿಗೂ ಗೊತ್ತಿರಂಗಿಲ್ಲ. 'ಬರ್ರಿ ಅವ್ವಾರ, ಕೂಡ್ರಿ, ಏ ತಮ್ಮಾ ನೀರು ತಾ' ಅಂದು ಮುಂದ ನಲವತ್ತು ಸೀರಿ ಒಗದು, 'ಮುಟ್ಟಿ ನೋಡ್ರಿ ಅವ್ವಾರ, ಮುಟ್ಟಿದ್ರನ ಗೊತ್ತಾಗ್ತೈತಿ' ಅಂತಿದ್ದ. ಅರಬಿ ವ್ಯಾಪಾರ ಅಂದ್ರ ಮುಟ್ಟೂದ ಅಲ್ಲೇನ್ರಿ? ಹ್ಯಾಂಗರ್‌ಗೆ ನೇತು ಹಾಕಿ ದೂರದಿಂದ ನೋಡು ಅನ್ನಾಕ ಅದೇನು ಉಡುಪಿ ಕೃಷ್ಣನ?

ಹಂಗಂತ ಹಳೇ ಕಾಲ ಬಂಗಾರ ಇತ್ತು ಅಂತ ನಾ ಅನ್ನಂಗಿಲ್ಲ, ಆ ಚಟ ನನಗಿಲ್ಲ. ಆ ಸಾಹುಕಾರನೂ ನೀರು ಕೊಡೂ ಮೊದಲ 'ಯಾರ ಪೈಕಿ ಆತ್ರಿ ನೀವು?' ಅಂತ ಕೇಳಿ ಲೋಟ ಆರಿಸ್ತಿದ್ದ. ಯಾವ ಓಣಿ, ಯಾರ ಪೈಕಿ, ಇವೆರಡು ಪ್ರಶ್ನಿಯೊಳಗ ನಮ್ಮ ಕಡೆ ಎಲ್ಲಾ ಅಳದು ಮುಗೀತಿತ್ತು. ಗಂಗೂಬಾಯಿ ಹಾನಗಲ್ ಸಣ್ಣೋರಿದ್ದಾಗ ಇದೇ ಧಾರವಾಡದಾಗ ನೆರಿಮನಿ ಸಾಹುಕಾರರ ತ್ವಾಟದಾಗ ಮಾವಿನಹಣ್ಣಿಗೆ ಹೋಗಿ ಬೈಸ್ಕೊಂಡದ್ದನ್ನ, ಹಾಡೋರ ಮನಿ ಹುಡುಗಿ ಇಲ್ಲಿಗ್ಯಾಕ ಬಂದ್ಲು ಅನ್ನಿಸ್ಕೊಂಡದ್ದನ್ನ, ದೊಡ್ಡ ಹೆಸರು ಬಂದ ಮ್ಯಾಲೆ ಅದೇ ಮಂದಿ ಮನಿಗೆ ಕರದದ್ದನ್ನ ಅವರ ಹೇಳ್ಕೊಂಡಾರ. ಈಗ ಅವರ ಹೆಸರು ಹೇಳಿ ನಾವು ಧಾರವಾಡದೋರು ಹುಬ್ಬಳ್ಳಿ ಮಂದಿ ಮುಂದ ಮೀಸಿ ತಿರುವ್ತೇವಿ, ನಮ್ಮೂರು ಸಂಗೀತದ ಊರು, ನಿಮ್ಮೂರು ಬರೇ ವ್ಯಾಪಾರ ಅಂತ. ಇಪ್ಪತ್ತು ಕಿಲೋಮೀಟರ್ ದೂರ, ಭಾಳ ವರ್ಷ ಒಂದೇ ಕಾರ್ಪೊರೇಷನ್‌ನಾಗ ಇದ್ದೋರು, ಆದ್ರೂ ಏನ್ ಬಡಿವಾರ!

ಅದ ಹಾಲ್‌ನಾಗ ಮೂಲ್ಯಾಗ ಒಂದು ಸಿರಿಧಾನ್ಯದ ಸ್ಟಾಲೂ ಇತ್ತು, 2023 ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆ ಸಾರಿದಾಗಿಂದ ಎಲ್ಲಿ ನೋಡಿದ್ರೂ ನವಣಿ ಲಾಡು. ದೊಡ್ಡವ್ವ ರೇಟು ಓದಿಸಿ ಕೇಳಿ 'ನಮ್ಮಪ್ಪ ಇದನ್ನ ತಿಂದದ್ದಕ್ಕ ಬಡವ ಅನ್ನಿಸ್ಕೊಂಡ, ಅನ್ನ ಹಬ್ಬಕ್ಕ ಅಷ್ಟ ಇತ್ತು' ಅಂದ್ಲು. ಬಡವರ ಹೊಟ್ಯಾಗಿದ್ದಾಗ ಅದು ನವಣಿ, ಗಾಜಿನ ಡಬ್ಬ್ಯಾಗ ಹೋದ ಕೂಡ್ಲೇ ಮಿಲೆಟ್. ಸೀರಿ ಸೆರಗಿನ ಮ್ಯಾಲೆ ಇರೋ ತೆನೀನೂ ಜ್ವಾಳದ ತೆನಿನರಿ, ಮತ್ತೇನಲ್ಲ.

ಒಬ್ಬ ಗೆಳತಿ (ಇದನ್ನೂ ಓದ್ತಾಳ, ಓದ್ಲಿ) ಫೋನ್ ಮಾಡಿ ಹೇಳಿದ್ಲು, 'ನೀ ಸುಮ್ನ ಸಿಟ್ಟಾಗ್ತಿ, ಪಾಶ್ ಮಂದಿ ತಗೊಂಡ್ರ ತಾನ ಮಗ್ಗ ಉಳಿಯೂದು, ಆ ಹುಡುಗಿನೂ ಹತ್ತೋ ಹನ್ನೆರಡೋ ಸಾವಿರ ಪಗಾರಕ್ಕ ನಿಂತಾಳ, ಸೀರಿಗೆ ಕಲಿ ಆದ್ರ ಅಕಿ ಪಗಾರದಾಗ ಕಟ್ ಆಗ್ತೈತಿ' ಅಂತ. ಪಗಾರದ ಮಾತು ಒಪ್ಪಿದೆ, ಅದು ಖರೇ ಇರಬಹುದು. ಮಗ್ಗದ ಮಾತೂ ಒಪ್ಪೇನು, ಆ ರೊಕ್ಕ ಇಳಕಲ್ಲಿನ ನೇಕಾರನ ಮನಿಗೆ ಮುಟ್ಟೂದಾದ್ರ ನಾನ ಹೋಗಿ ಆ ಸ್ಟಾಲಿಗೆ ಮಾಲಿ ಹಾಕ್ತೇನಿ. ಆದ್ರ ಮಗ್ಗ ಉಳಿಸಾಕ ಮಗ್ಗದ ಮನಿ ಹೆಣ್ಣುಮಗಳನ್ನ ದೂರ ನಿಲ್ಲಸಬೇಕು ಅಂತ ಯಾವ ಸ್ಕೀಮಿನ್ಯಾಗ ಬರದೈತಿ? ಮತ್ತ ಆ ಹುಡುಗಿ ಊರು ನಮ್ಮ ಹಾವೇರಿ ಕಡೇದಂತ, ಫೋನ್‌ನಾಗ ಯಾರಿಗೋ 'ಏ ಯವ್ವಾ, ರಾತ್ರಿ ಬರ್ತೇನಿ ಬಿಡಬೇ' ಅಂದದ್ದು ನಾನ ಕೇಳೀನಿ. ನಮಗ ಮಾತ್ರ 'ಆಗುತ್ತೆ, ಹೋಗುತ್ತೆ'. ಸಿಟ್ಟು ಅರ್ಧ ಅಲ್ಲೇ ಸಂಕಟ ಆತು.

ಸರಿ, ಈಗ ಬರೀಬೇಕಾದ್ದು. ಇದನ್ನ ಬರೀಬೇಕೋ ಬ್ಯಾಡೋ ಅಂತ ಎರಡು ದಿನ ಕುಂತೆ.

ಆ ಹುಡುಗಿ ಹಂಗಂದಾಗ ನಾ ಏನ್ ಮಾಡಿದೆ ಗೊತ್ತೇನು? 'ಅಕಿನ್ನ ಕೇಳು, ಅಕಿ ಜೋಡಿ ಮಾತಾಡು' ಅನ್ನಲಿಲ್ಲ. ನಾ ಇಂಗ್ಲೀಷ್ ಮಾತಾಡಿದೆ. ಇಪ್ಪತ್ತು ವರ್ಷ ಮಾಸ್ತರಕಿ ಮಾಡಿದ ಇಂಗ್ಲೀಷ್, ಉದ್ದುದ್ದ ವಾಕ್ಯ, ಕುತ್ತಿಗಿ ಎತ್ತಿ. ಆ ಹುಡುಗಿ ಮುಖ ಸಣ್ಣ ಆತು. ನನಗ ಒಳಗ ತಂಪಾತು, ಸುಳ್ಳ್ಯಾಕ ಹೇಳ್ಲಿ. ಅಷ್ಟಕ್ಕ ಬಿಡಲಿಲ್ಲ, ದೊಡ್ಡವ್ವ ಹಿಡದಿದ್ದ ಅದ ಸೀರಿ, ನಾಲ್ಕು ಸಾವಿರದ ಇನ್ನೂರು ರೂಪಾಯಿ, ರೇಟು ಸೈತ ಕೇಳದ 'ಪ್ಯಾಕ್ ಇಟ್' ಅಂದೆ, ಕಾರ್ಡ್ ತಿಕ್ಕಿದೆ. ಪಗಾರ ಆಗಾಕ ಇನ್ನೂ ಒಂಬತ್ತು ದಿನ ಇತ್ತು. ದೊಡ್ಡವ್ವ ಪಕ್ಕದಾಗ ಚೀಲ ಹಿಡ್ಕೊಂಡು ನಿಂತಿದ್ಲು. ಎರಡು ಸಲ 'ಅಲ್ಲ, ತಂಗೀ' ಅಂದ್ಲು. ನಾ ಕೈ ಸನ್ನಿ ಮಾಡಿ ತಡಿ ಅಂದೆ.

ತಿರುಗಿ ಬರೂಮುಂದ ಚಿಗರ್ಯಾಗ ಏಸಿ ಥಂಡಿಗೆ ಕಿವಿ ಮ್ಯಾಲೆ ಸೆರಗು ಹೊದ್ಕೊಂಡು ಕುಂತಾಕಿ, ಉಣಕಲ್ ಕೆರಿ ದಾಟಿದ ಮ್ಯಾಲೆ ನನ್ನ ತೊಡಿ ಮ್ಯಾಲಿದ್ದ ಪೇಪರ್ ಬ್ಯಾಗಿನಿಂದ ಸೀರಿ ತಗದ್ಲು. ಮಡಿಕಿ ಬಿಚ್ಚಿ, ಒಡಲು ಮುಗದು ಸೆರಗು ಶುರು ಆಗೂ ಜಾಗಾಕ್ಕ ಹೆಬ್ಬೆರಳು ಇಟ್ಟು ಎಡದಿಂದ ಬಲಕ್ಕ ಸವರಿದ್ಲು. ಆಮ್ಯಾಲೆ ತನ್ನ ಮೈ ಮ್ಯಾಲಿನ ಸೀರಿದು ಅದ ಜಾಗಾ ತಗದು ನನ್ನ ಬೆರಳು ಹಿಡದು ಅಲ್ಲಿಟ್ಲು. ಸಣ್ಣ ಸಣ್ಣ ಗಂಟಿನಂಥಾದ್ದು ಬೆರಳಿಗೆ ಹತ್ತಿತು, ಸಾಲಾಗಿ.

'ಇದು ಕೊಂಡಿ. ಒಡಲಿಂದು ಹತ್ತಿ ಎಳಿ, ಸೆರಗಿಂದು ರೇಷ್ಮಿ ಎಳಿ, ಒಂದೊಂದನ್ನ ಕೈಲೆ ಕೊಂಡಿ ಹಾಕಿ ಕೂಡಸ್ತಾರ. ನಿಂದ್ರಾಗ ಕೊಂಡಿನ ಇಲ್ಲ. ಮಶೀನಿಂದೈತಿ.'

'ಮತ್ತ ಅಲ್ಲೇ ಯಾಕ ಹೇಳಲಿಲ್ಲ ದೊಡ್ಡವ್ವ?'

'ಹೇಳಾಕ ಬಂದ್ನೆಲ್ಲ. ನೀ ಇಂಗ್ಲೀಷ್‌ನ್ಯಾಗ ಮಾತಾಡಾಕತ್ತಿದ್ದಿ. ನಡುವ ನಾ ಏನ್ ಬಾಯಿ ಹಾಕ್ಲಿ.'

ಬೈಲಿಲ್ಲ ಅಕಿ, ನಗಲೂ ಇಲ್ಲ. ಕಿಡಕ್ಯಾಗ ಹೊರಗ ನೋಡ್ಕೋತ ಕುಂತ್ಲು. ನವನಗರ ಬರೂತನಕ ನಾನೂ ಮಾತಾಡಲಿಲ್ಲ.

ಸೀರಿ ನನ್ನ ಟ್ರೆಜರಿಯಾಗ ಐತಿ, ಬಿಲ್ ಸಮೇತ. ವಾಪಸ್ ಕೊಡಾಕ ಹೋಗಬೇಕಂದ್ರ ದೊಡ್ಡವ್ವನ್ನ ಕರ್ಕೊಂಡ ಹೋಗಬೇಕು, ಅಕಿ ಒಲ್ಲೆ ಅಂತಾಳ, ಮಂಡಿ ನೋವಂತ. ಆ ಪೇಪರ್ ಬ್ಯಾಗ್ ಮಾತ್ರ ದಪ್ಪ ಐತಿ, ಛಲೋ ಐತಿ ಅಂತ ಒಯ್ದಾಳ, ಅದರಾಗ ಹಪ್ಪಳ ಹಾಕಿಟ್ಟಾಳ.